ಈ ತಂತಿಯಲ್ಲಿ ಯಾರ್ಯಾರಿದ್ದೀರಿ?

ಮಾನಿಟರ್ ಕಪ್ಪಗಿದ್ದರೆ ಕಂಪ್ಯೂಟರ್ ಆಫ್ ಆಗಿದೆ ಎಂದೇನೂ ಅಲ್ಲ. ಹಿಂಬದಿಯಲ್ಲಿ ಕೇಬಲ್ ಚುಚ್ಚಿದ ಕಡೆ ಹಸಿರು ದೀಪ ಮಿನುಗುತ್ತಿದ್ದರೆ ಆನ್ ಆಗಿದೆ ಎಂದೂ ಅಲ್ಲ. ಷಟ್‌ಡೌನ್ ಆದ ಮೇಲೂ ಅನೇಕ ಡೆಸ್ಕ್‌ಟಾಪ್‌ಗಳ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆ ನೆಟ್‌ವರ್ಕ್ ಕಾರ್ಡಿಗೆ ಒಂದಿಷ್ಟು ಸ್ಟ್ಯಾಂಡ್‌ಬೈ ಕರೆಂಟು ಹರಿಸುತ್ತಲೇ ಇರುತ್ತದೆ. ದೂರದಿಂದ ಯಾರಾದರೂ ಎಬ್ಬಿಸಿದರೆ ಏಳಲಿ ಎಂದು ಮಾಡಿದ ಏರ್ಪಾಡು ಅದು. ಹಾಗಾಗಿ ಕೋಣೆಯ ಬಾಗಿಲಲ್ಲಿ ನಿಂತು ಕಣ್ಣಂದಾಜಿನಲ್ಲಿ ‘ಇಷ್ಟು ಕಂಪ್ಯೂಟರ್ ಓಡುತ್ತಿವೆ’ ಎಂದು ಎಣಿಸಿದರೆ ಆ ಲೆಕ್ಕ ತಪ್ಪುವ ಸಂಭವವೇ ಹೆಚ್ಚು. ತಂತಿಯನ್ನೇ ಕೇಳಬೇಕು. ಕೇಳುವುದು ಹೇಗೆಂಬುದು ಈ ಅಧ್ಯಾಯದ ವಿಷಯ. ಕೇಳುವ ರೀತಿ ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದು ಅದರೊಳಗಿನ ಸ್ವಾರಸ್ಯ.

ಒಂದು ಕೋಣೆಯನ್ನು ಕಲ್ಪಿಸಿಕೊಳ್ಳೋಣ. ಊರು ಹಲಗೂರು. ಬೆಂಗಳೂರಿನಿಂದ ಕನಕಪುರ ದಾಟಿ ಮಳವಳ್ಳಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಹೋಬಳಿ ಕೇಂದ್ರ. ಮುತ್ತತ್ತಿಗೆ, ಭೀಮೇಶ್ವರಿಗೆ ಹೋಗುವವರು ಮುಖ್ಯರಸ್ತೆ ಬಿಟ್ಟು ತಿರುಗುವ ಜಾಗ. ಮುಖ್ಯರಸ್ತೆಯ ಒಂದು ಮಾಳಿಗೆಯ ಮೇಲೆ ಕಂಪ್ಯೂಟರ್ ತರಬೇತಿ ಕೇಂದ್ರ. ಗೋಡೆಗೆ ಒತ್ತಿದಂತೆ 12 ಡೆಸ್ಕ್‌ಟಾಪ್‌ಗಳು. ಅವುಗಳಲ್ಲಿ 6 ಲಿನಕ್ಸ್‌ನಲ್ಲಿ ಓಡುತ್ತಿವೆ, 2 ವಿಂಡೋಸ್‌ನಲ್ಲಿ. ಇನ್ನೊಂದು ವಿಂಡೋಸ್ ಯಂತ್ರ ನಿದ್ದೆ ಹೋಗಿದೆ, ಉಳಿದ 3 ಪೂರ್ತಿ ಆಫ್. ಇವಲ್ಲದೆ ಒಂದು ಪ್ರಿಂಟರ್, ಸಿಸಿಟಿವಿಯ ರೆಕಾರ್ಡರ್ ಪೆಟ್ಟಿಗೆ, ಇಂಟರ್ನೆಟ್ ತರುವ ರೌಟರ್, ವೈಫೈಗೆ ಸೇರಿಕೊಂಡಿರುವ ಕೆಲವು ಫೋನು. ಆ 12ರ ಲೆಕ್ಕಕ್ಕೆ ಸೇರದ, ಮೇಷ್ಟ್ರ ಮೇಜಿನ ಲಿನಕ್ಸ್ ಯಂತ್ರದ ಮುಂದೆ ನಾವು ಕೂತಿದ್ದೇವೆ. ಪ್ರಿಂಟರ್‌ನ ಅಡ್ರೆಸ್ ಯಾರಿಗೂ ನೆನಪಿಲ್ಲ. ಇಂಥ ಹುಡುಕಾಟ ಶುರುವಾಗುವುದು ಬಹುತೇಕ ಪ್ರಿಂಟರ್‌ನಿಂದಲೇ.

ಮೊದಲು ನಮ್ಮ ಯಂತ್ರದ ಅಡ್ರೆಸ್ಸೇ ಏನೆಂದು ತಿಳಿಯಬೇಕು. ಟರ್ಮಿನಲ್ ತೆರೆದು ‘ಐಪಿ’ ಎಂದು ಹೊಡೆದು, ಜಾಗ ಬಿಟ್ಟು ‘ಎ’ ಎಂದರೆ ಸಾಲುಸಾಲಾಗಿ ವಿವರ ಬರುತ್ತದೆ. (ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಬೇಕು.) ಅದರಲ್ಲಿ 192.168.1.2/24 ಎಂಬ ತುಣುಕು ನಮಗೆ ಬೇಕಾದ್ದು. ಕೊನೆಯ /24 ಎಂಬುದು ನಮ್ಮ ಜಾಲವೆಂಬ ಬಡಾವಣೆಯ ಎಲ್ಲೆ. 32 ಬಿಟ್‌ಗಳ ಅಡ್ರೆಸ್ಸಿನಲ್ಲಿ ಮೊದಲ 24 ಎಲ್ಲರಿಗೂ ಒಂದೇ, ಉಳಿದ 8 ಬಿಟ್ ಮಾತ್ರ ಯಂತ್ರದಿಂದ ಯಂತ್ರಕ್ಕೆ ಬೇರೆ. ಎಂಟು ಬಿಟ್‌ಗಳಲ್ಲಿ 256 ಸಂಖ್ಯೆ ಹುಟ್ಟುತ್ತವೆ. ಮೊದಲನೆಯದು ಬಡಾವಣೆಯ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕರೆಯುವುದಕ್ಕೆ ಮೀಸಲು. ಉಳಿದ 254ರಲ್ಲಿ ಯಾರಾದರೂ ಇರಬಹುದು, ಇಲ್ಲದೆಯೂ ಇರಬಹುದು.

ಈ 192.168 ಎಂಬ ಅಡ್ರೆಸ್ ನಿಮ್ಮ ಮನೆಯಲ್ಲೂ ಇರುತ್ತದೆ, ಮಳವಳ್ಳಿಯ ಬ್ಯಾಂಕಿನಲ್ಲೂ ಇರುತ್ತದೆ, ಬ್ರೆಜಿಲ್‌ನ ಯಾವುದೋ ಹೋಟೆಲಿನಲ್ಲೂ ಇರುತ್ತದೆ. ಜಗತ್ತಿನ ಅಡ್ರೆಸ್ಸುಗಳು ತೀರಿಹೋಗುವ ಭಯ ಹತ್ತಿದ್ದಾಗ, 1996ರ ಫೆಬ್ರುವರಿಯಲ್ಲಿ ಹೊರಬಂದ ಆರ್‌ಎಫ್‌ಸಿ 1918 ಎಂಬ ದಸ್ತಾವೇಜು ಮೂರು ಸಂಖ್ಯಾವಲಯಗಳನ್ನು ಖಾಸಗಿ ಬಳಕೆಗೆಂದು ಬಿಟ್ಟುಕೊಟ್ಟಿತು. 10ರಿಂದ ಶುರುವಾಗುವ ದೊಡ್ಡ ವಲಯ, 172.16ರಿಂದ 172.31ರವರೆಗಿನ ಮಧ್ಯಮ ವಲಯ, ಮತ್ತು ನಮ್ಮ 192.168. ಇವು ಒಳಗೊಳಗೇ ಚಲಾವಣೆಯಾಗುವ ಅಡ್ರೆಸ್ಸುಗಳು. ಇಂಟರ್ನೆಟ್ಟಿನ ರೌಟರ್‌ಗಳು ಇವನ್ನು ಹೊರಗೆ ಸಾಗಿಸುವುದಿಲ್ಲ.

ಈ ಅಡ್ರೆಸ್ಸುಗಳಲ್ಲಿ ಯಾರಿದ್ದಾರೆಂದು ಕೇಳುವ ಮಾತು ಬಂದರೆ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ಪಿಂಗ್. ಅಮೆರಿಕದ ಮೇರಿಲ್ಯಾಂಡಿನ ಸೇನಾ ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು. ಜಲಾಂತರ್ಗಾಮಿಯ ಸೋನಾರ್ ಹೊರಡಿಸುವ ಸದ್ದಿನಿಂದ ಹೆಸರು. ಅವರ ಜಾಲದಲ್ಲಿ ಅದೇನೋ ವಿಚಿತ್ರ ತೊಂದರೆ ಕಾಣಿಸಿಕೊಂಡಿತ್ತು, ಅದನ್ನು ಹಿಡಿಯಲು ಒಂದೇ ಪಟ್ಟಿಗೆ ಕೂತು ಪಿಂಗ್ ಬರೆದು ಮುಗಿಸಿದರು. ಮೊದಲ ಪಿಂಗ್ ಹೊರಡುವಷ್ಟರಲ್ಲಿ ಕೆಟ್ಟಿದ್ದ ಯಂತ್ರಭಾಗ ಬೇರೆಯವರ ಕೈಗೆ ಸಿಕ್ಕಿ ರಿಪೇರಿಯೂ ಆಗಿತ್ತು! ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸಕ್ಕೆ ಬಾರದ ಸಲಕರಣೆ ನಾಲ್ಕು ದಶಕಗಳಿಂದ ಜಗತ್ತಿನ ಬಹುತೇಕ ಎಲ್ಲ ಕಂಪ್ಯೂಟರುಗಳಲ್ಲೂ ಕೂತಿದೆ.

ಪಿಂಗ್ ಮಾಡುವುದಿಷ್ಟೆ: ಒಂದು ಪುಟ್ಟ ಪೊಟ್ಟಣ ಕಳಿಸಿ, ಅದು ಮರಳಿ ಬರುವವರೆಗಿನ ಹೊತ್ತನ್ನು ಅಳೆಯುತ್ತದೆ. ಕೇಬಲ್‌ನಲ್ಲಿ ಹೋಗಿಬಂದರೆ ಪರದೆಯ ಮೇಲೆ 0.3 ಮಿಲಿಸೆಕೆಂಡಿನಂಥ ಅಂಕಿ ಬೀಳುತ್ತದೆ. ಈ ಅಂಕಿಯನ್ನು ಒಂದು ಕ್ಷಣ ನಿಂತು ನೋಡಬೇಕು. ತಾಮ್ರದ ತಂತಿಯಲ್ಲಿ ಸಂಕೇತ ಓಡುವುದು ಬೆಳಕಿನ ವೇಗದ ಸುಮಾರು ಮೂರನೇ ಎರಡು ಭಾಗದಲ್ಲಿ. 20 ಮೀಟರ್ ಕೇಬಲ್‌ನಲ್ಲಿ ಹೋಗಿಬರಲು ಅದಕ್ಕೆ 0.2 ಮೈಕ್ರೋಸೆಕೆಂಡ್ ಸಾಕು. ಅಂದರೆ ನಾವು ಅಳೆದ ಹೊತ್ತಿನ ಒಂದೂವರೆ ಸಾವಿರದಲ್ಲಿ ಒಂದು ಪಾಲು ಮಾತ್ರ ದಾರಿಯ ಖರ್ಚು. ಉಳಿದದ್ದೆಲ್ಲ ಎರಡೂ ತುದಿಯ ಯಂತ್ರಗಳು ಮತ್ತು ನಡುವಿನ ಸ್ವಿಚ್ ಪೊಟ್ಟಣವನ್ನು ಎತ್ತಿಕೊಂಡು, ಬಿಚ್ಚಿ, ಮತ್ತೆ ಕಟ್ಟುವುದಕ್ಕೆ ತಗೊಂಡ ಹೊತ್ತು. ವೈಫೈಯ ಫೋನಾದರೆ ಅಂಕಿ ಕೆಲವು ಮಿಲಿಸೆಕೆಂಡಿಗೆ ಏರುತ್ತದೆ, ಒಂದೊಂದು ಸಲ ನೂರು ದಾಟುತ್ತದೆ. ಗೋಡೆಯಾಚೆ ಏನಿದೆ ಎಂದು ಕಾಣದಿದ್ದರೂ ಅದು ಕೇಬಲ್ಲಿನದೋ ವೈಫೈಯದೋ ಎಂದು ಈ ಅಂಕಿಗಳಿಂದಲೇ ಊಹಿಸಬಹುದು.

254 ಮನೆಗಳಿಗೂ ಒಂದಾದ ಮೇಲೊಂದು ಪಿಂಗ್ ಕಳಿಸಿ, ತಲಾ ಒಂದು ಸೆಕೆಂಡು ಕಾದರೆ ನಾಲ್ಕು ನಿಮಿಷಕ್ಕೂ ಮಿಕ್ಕಿ ಬೇಕು. 1992ರಲ್ಲಿ ಸ್ಟ್ಯಾನ್‌ಫರ್ಡ್‌ನ ರೋಲಂಡ್ ಷೆಮರ್ಸ್ ಬರೆದ ಎಫ್‌ಪಿಂಗ್ ಹೀಗೆ ಕಾಯುವುದಿಲ್ಲ. ಒಬ್ಬರ ಉತ್ತರ ಬರುವ ಮೊದಲೇ ಇನ್ನೊಬ್ಬರ ಬಾಗಿಲು ಬಡಿಯುತ್ತ ಸಾಗಿ, ಬಂದ ಉತ್ತರಗಳನ್ನು ಜೋಡಿಸಿಕೊಳ್ಳುತ್ತದೆ. ಎಲ್ಲರನ್ನೂ ಒಂದೇ ಕೂಗಿನಲ್ಲಿ ಕೇಳಬಹುದಲ್ಲ, 192.168.1.255ಕ್ಕೆ ಪಿಂಗ್ ಹೊಡೆದರೆ ಆಯಿತಲ್ಲ ಎಂದು ನಿಮಗೆ ಹೊಳೆದಿದ್ದರೆ ಸರಿಯಾಗಿಯೇ ಹೊಳೆದಿದೆ. ಹಿಂದೆ ಅದು ನಡೆಯುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಕಿಡಿಗೇಡಿಗಳು ಇದನ್ನೇ ಅಸ್ತ್ರ ಮಾಡಿಕೊಂಡರು. ಕಳಿಸಿದವರ ಜಾಗದಲ್ಲಿ ಬೇರೆ ಯಾರದೋ ಅಡ್ರೆಸ್ ಬರೆದು ಇಡೀ ಬಡಾವಣೆಗೆ ಪಿಂಗ್ ಎಸೆದರೆ, ಎಲ್ಲ ಉತ್ತರಗಳೂ ಆ ಬಡಪಾಯಿಯ ತಲೆಮೇಲೆ ಬೀಳುತ್ತಿದ್ದವು. ಸ್ಮರ್ಫ್ ದಾಳಿ ಎಂದು ಅದಕ್ಕೆ ಹೆಸರು. ಅಲ್ಲಿಂದ ಮುಂದೆ ಲಿನಕ್ಸ್ ಸೇರಿದಂತೆ ಹೆಚ್ಚಿನ ವ್ಯವಸ್ಥೆಗಳು ಸಾಮೂಹಿಕ ಪಿಂಗ್‌ಗೆ ಓಗೊಡುವುದನ್ನು ಬಿಟ್ಟವು.

ನಮ್ಮ ಕೋಣೆಯಲ್ಲಿ ಎಫ್‌ಪಿಂಗ್ ಓಡಿಸಿದರೆ ನಮ್ಮದನ್ನು ಬಿಟ್ಟು 11 ಉತ್ತರ ಬರುತ್ತವೆ. ರೌಟರ್, 6 ಲಿನಕ್ಸ್ ಯಂತ್ರ, ಪ್ರಿಂಟರ್, ರೆಕಾರ್ಡರ್, 2 ಫೋನು. ಕಣ್ಣೆದುರಿಗೇ ಹುಡುಗಿಯೊಬ್ಬಳು ವಿಂಡೋಸ್ ಯಂತ್ರದಲ್ಲಿ ನುಡಿ ತೆರೆದು ಕನ್ನಡ ಟೈಪಿಂಗ್ ಕಲಿಯುತ್ತಿದ್ದಾಳೆ, ಆ ಯಂತ್ರ ಮಾತ್ರ ಪಟ್ಟಿಯಲ್ಲಿಲ್ಲ! ವಿಂಡೋಸ್ ಹೊಸ ಜಾಲವನ್ನು ‘ಸಾರ್ವಜನಿಕ’ ಎಂದು ಗುರುತು ಹಾಕಿಕೊಂಡಿದ್ದರೆ ಅದರ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸಲು ಬಿಡುವುದಿಲ್ಲ. ಬಾಗಿಲು ಬಡಿದವರಿಗೆ ‘ಇಲ್ಲ’ ಎಂದೂ ಹೇಳುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ಆಫ್ ಆದ ಯಂತ್ರದ ಮೌನಕ್ಕೂ ಫೈರ್‌ವಾಲ್ ಕಟ್ಟಿಸಿದ ಮೌನಕ್ಕೂ ಪಿಂಗ್‌ನ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಾದರೆ ಬಚ್ಚಿಟ್ಟುಕೊಳ್ಳಲು ಆಗದಂಥ ಪ್ರಶ್ನೆ ಯಾವುದಾದರೂ ಇದೆಯೆ? ಇದೆ. ಅದು ಇರುವುದು ಇಂಟರ್ನೆಟ್ಟಿನ ಪದರದಲ್ಲಲ್ಲ, ಅದರ ಕೆಳಗಿನ ಈಥರ್ನೆಟ್ ಪದರದಲ್ಲಿ.

192.168.1.17 ಎಂಬುದು ತಂತಿಗೆ ಅರ್ಥವಾಗುವ ಅಡ್ರೆಸ್ಸೇ ಅಲ್ಲ. ಸ್ವಿಚ್‌ಗೆ ಗೊತ್ತಿರುವುದು ಪ್ರತಿ ನೆಟ್‌ವರ್ಕ್ ಕಾರ್ಡಿನ 48 ಬಿಟ್‌ಗಳ ಮ್ಯಾಕ್ ಅಡ್ರೆಸ್ ಮಾತ್ರ. ಐಪಿ ಅಡ್ರೆಸ್ಸಿಗೆ ಸರಿಯಾದ ಮ್ಯಾಕ್ ಯಾವುದೆಂದು ಪತ್ತೆ ಹಚ್ಚದೆ ಒಂದೇ ಒಂದು ಪೊಟ್ಟಣವನ್ನೂ ಪಕ್ಕದ ಮೇಜಿಗೆ ಕಳಿಸಲಾಗದು. ಈ ಪತ್ತೆಗೆ ಡೇವಿಡ್ ಪ್ಲಮ್ಮರ್ 1982ರ ನವೆಂಬರಿನಲ್ಲಿ ಆರ್‌ಎಫ್‌ಸಿ 826ರಲ್ಲಿ ಬರೆದಿಟ್ಟ ಉಪಾಯದ ಹೆಸರು ಎಆರ್‌ಪಿ, ಆಡುಮಾತಿನಲ್ಲಿ ಆರ್ಪ್. ಹಲಗೂರಿನ ಬಸ್‌ಸ್ಟ್ಯಾಂಡಿನಲ್ಲಿ ‘ಮುತ್ತತ್ತಿಗೆ ಯಾರ್‍ರೀ?’ ಎಂದು ಒಬ್ಬರು ಕೂಗಿದರೆ ಎಲ್ಲರ ಕಿವಿಗೂ ಬೀಳುತ್ತದೆ, ಮುತ್ತತ್ತಿಗೆ ಹೋಗುವವರು ಮಾತ್ರ ಹತ್ತಿರ ಬಂದು ಮಾತಾಡುತ್ತಾರೆ. ಆರ್ಪ್ ನಡೆಯುವುದೂ ಹೀಗೆಯೇ. ‘192.168.1.17 ಯಾರು? 192.168.1.2ಕ್ಕೆ ತಿಳಿಸಿ’ ಎಂಬ ಪ್ರಶ್ನೆ ಇಡೀ ಬಡಾವಣೆಗೆ ಹೋಗುತ್ತದೆ. ಸಂಬಂಧಪಟ್ಟವರ ಉತ್ತರ ಕೇಳಿದವರೊಬ್ಬರಿಗೇ ಬರುತ್ತದೆ.

ಈ ಪ್ರಶ್ನೆಗೆ ಉತ್ತರಿಸದಿದ್ದರೆ ಏನಾಗುತ್ತದೆ? ಯಾರೂ ಆ ಯಂತ್ರಕ್ಕೆ ಏನನ್ನೂ ಕಳಿಸಲಾರರು. ಇಂಟರ್ನೆಟ್ಟಿನಿಂದ ಬಂದ ಪುಟವನ್ನು ರೌಟರ್ ಅದಕ್ಕೆ ತಲುಪಿಸಲಾರದು. ಆದ್ದರಿಂದ ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಬಾಯಿ ಮುಚ್ಚಿದರೂ ಆರ್ಪ್‌ನ ತಂಟೆಗೆ ಹೋಗುವುದಿಲ್ಲ. ಹಠ ಹಿಡಿದು ಆರ್ಪ್ ಅನ್ನೂ ಬಂದ್ ಮಾಡಿಸುವವರು ಇಲ್ಲದಿಲ್ಲ. ಆಗ ಎಲ್ಲ ಯಂತ್ರಗಳಲ್ಲೂ ಅಡ್ರೆಸ್ಸುಗಳ ಜೋಡಿಯನ್ನು ಕೈಯಾರೆ ಬರೆದಿಡಬೇಕು. ಹಲಗೂರಿನ ತರಬೇತಿ ಕೇಂದ್ರದಲ್ಲಿ ಅಷ್ಟು ಪುರಸೊತ್ತು ಯಾರಿಗಿದೆ?

ಇಂಗ್ಲೆಂಡಿನ ರಾಯ್ ಹಿಲ್ಸ್ ಬರೆದ ಆರ್ಪ್‌ಸ್ಕ್ಯಾನ್ ಎಂಬ ಲಿನಕ್ಸ್ ತಂತ್ರಾಂಶ ಮಾಡುವುದು ಇದೊಂದನ್ನೇ. ಬಡಾವಣೆಯ ಪ್ರತಿ ಸಂಖ್ಯೆಯ ಹೆಸರು ಹಿಡಿದು ಕೂಗುತ್ತದೆ. ನೇರವಾಗಿ ಈಥರ್ನೆಟ್ ಚೌಕಟ್ಟುಗಳನ್ನೇ ಕಟ್ಟಿ ಕಳಿಸಬೇಕಾದ್ದರಿಂದ ಅದಕ್ಕೆ ‘ಸುಡೋ’ ಹಚ್ಚಿ ಅಧಿಕಾರ ಕೊಡಬೇಕು. ಒಂದು ಆರ್ಪ್ ಪ್ರಶ್ನೆಯ ತಿರುಳು 28 ಬೈಟ್. ಈಥರ್ನೆಟ್ ಒಪ್ಪುವ ಕನಿಷ್ಠ ಗಾತ್ರಕ್ಕೆ ಉಬ್ಬಿಸಿದರೆ 64 ಬೈಟ್. 256 ಪ್ರಶ್ನೆ ಕೂಡಿದರೆ 16 ಕಿಲೋಬೈಟ್. ವಾಟ್ಸಾಪ್‌ನಲ್ಲಿ ಬರುವ ಒಂದು ‘ಶುಭೋದಯ’ದ ಚಿತ್ರ ಇದಕ್ಕಿಂತ ಎಷ್ಟೋ ಪಟ್ಟು ಭಾರ. ಎರಡು ಸೆಕೆಂಡಿನ ಆಸುಪಾಸಿನಲ್ಲಿ ಇಡೀ ಸಮೀಕ್ಷೆ ಮುಗಿಯುತ್ತದೆ.

ಈಗ 14 ಸಾಲು ಬಂದಿವೆ. ಹಿಂದಿನ 11ರ ಜೊತೆ 3 ವಿಂಡೋಸ್. ಹುಡುಗಿಯ ಯಂತ್ರವೂ ಸಿಕ್ಕಿತು. ಆದರೆ ತಡೆಯಿರಿ, ವಿಂಡೋಸ್‌ನಲ್ಲಿ ಎಚ್ಚರ ಇದ್ದದ್ದು ಎರಡೇ ಅಲ್ಲವೆ? ಮೂರನೆಯದು ನಿದ್ದೆಯಲ್ಲಿದೆ, ಫ್ಯಾನೂ ತಿರುಗುತ್ತಿಲ್ಲ. ಈ ಗುಟ್ಟು ನೆಟ್‌ವರ್ಕ್ ಕಾರ್ಡಿನಲ್ಲಿದೆ. ಎಷ್ಟೋ ಆಧುನಿಕ ಕಾರ್ಡುಗಳಿಗೆ ಮಲಗುವ ಮುನ್ನ ಕಂಪ್ಯೂಟರ್ ಒಂದು ಸಣ್ಣ ಜವಾಬ್ದಾರಿ ಒಪ್ಪಿಸಿ ಹೋಗುತ್ತದೆ: ‘ನನ್ನ ಹೆಸರು ಹಿಡಿದು ಆರ್ಪ್ ಬಂದರೆ ನೀನೇ ಉತ್ತರ ಕೊಡು, ನನ್ನನ್ನು ಎಬ್ಬಿಸಬೇಡ.’ ಪ್ರೊಸೆಸರ್ ಮಲಗಿದೆ, ಮೆಮೊರಿ ಮಂಪರಿನಲ್ಲಿದೆ, ಕಾರ್ಡು ಮಾತ್ರ ಹಾಜರಿ ಹೇಳುತ್ತಿದೆ. ಇಂಥ ಯಂತ್ರ ‘ಸಕ್ರಿಯ’ವೋ ಅಲ್ಲವೋ? ನನ್ನ ಮಟ್ಟಿಗೆ ಇದು ಹುಡುಕಾಟದ ಅತ್ಯಂತ ಚಂದದ ಗೊಂದಲ. ಪಿಂಗ್ ಇದ್ದವರನ್ನು ಇಲ್ಲ ಎಂದಿತು, ಆರ್ಪ್ ಮಲಗಿದವರನ್ನು ಎದ್ದಿದ್ದಾರೆ ಎಂದಿತು. ಎರಡೂ ಸುಳ್ಳು ಹೇಳಿಲ್ಲ. ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನಷ್ಟೇ ಒಪ್ಪಿಸಿವೆ.

ಮತ್ತೊಮ್ಮೆ ಓಡಿಸಿದರೆ 15ನೆಯ ಸಾಲು ಮೂಡಬಹುದು. ಅದು ಚಾರ್ಜಿಗೆ ಹಾಕಿಟ್ಟ ಒಂದು ಫೋನು. ಬ್ಯಾಟರಿ ಉಳಿಸಲು ಫೋನುಗಳು ವೈಫೈ ರೇಡಿಯೋವನ್ನು ಆಗಾಗ ಮುಚ್ಚಿ ತೆರೆಯುತ್ತಿರುತ್ತವೆ. ಅದೂ ಅಲ್ಲದೆ, ವೈಫೈಯಲ್ಲಿ ಒಬ್ಬರಿಗೆಂದು ಕಳಿಸಿದ ಪೊಟ್ಟಣಕ್ಕೆ ‘ತಲುಪಿತು’ ಎಂಬ ರಸೀದಿ ಬರಬೇಕು, ಬಾರದಿದ್ದರೆ ಮತ್ತೆ ಕಳಿಸಲಾಗುತ್ತದೆ. ಎಲ್ಲರಿಗೂ ಎಂದು ಕೂಗಿದ್ದಕ್ಕೆ ರಸೀದಿ ಇಲ್ಲ, ಗಾಳಿಯಲ್ಲಿ ಕಳೆದರೆ ಕಳೆಯಿತು. ಅದಕ್ಕೇ ವೈಫೈ ಇರುವಲ್ಲಿ ಒಂದೇ ಸಲದ ಎಣಿಕೆಯನ್ನು ನಂಬಬಾರದು.

ಪಟ್ಟಿಯ ಪ್ರತಿ ಸಾಲಿನಲ್ಲೂ ಮೂರು ಅಂಕಣ. ಐಪಿ, ಮ್ಯಾಕ್, ತಯಾರಕರ ಹೆಸರು. ತಯಾರಕರು ಯಾರೆಂದು ಯಂತ್ರ ಹೇಳಿಲ್ಲ, ತಂತ್ರಾಂಶವೇ ಲೆಕ್ಕ ಹಾಕಿದೆ. ಮ್ಯಾಕ್‌ನ ಮೊದಲ 24 ಬಿಟ್‌ಗಳನ್ನು ಐಇಇಇ ಸಂಸ್ಥೆ ಕಂಪನಿಗಳಿಗೆ ಹಂಚಿಕೊಟ್ಟಿರುತ್ತದೆ. ಬಿ8:27:ಇಬಿ ಎಂದು ಶುರುವಾದರೆ ಅದು ರಾಸ್ಪ್‌ಬೆರಿ ಪೈ. 08:00:27 ಎಂದು ಶುರುವಾದರೆ ಹುಡುಕಿಕೊಂಡು ಹೋಗಬೇಡಿ, ಡಬ್ಬವೇ ಸಿಗುವುದಿಲ್ಲ. ಅದು ಯಾರದೋ ಕಂಪ್ಯೂಟರಿನೊಳಗೆ ವರ್ಚುಯಲ್‌ಬಾಕ್ಸ್ ತಂತ್ರಾಂಶ ಸೃಷ್ಟಿಸಿದ ಬರೀ ಸಾಫ್ಟ್‌ವೇರಿನ ಕಂಪ್ಯೂಟರು. ಪ್ರಿಂಟರ್ ಸಿಕ್ಕಿದ್ದು ಈ ಅಂಕಣದಿಂದಲೇ. ಆದರೂ ಕಣ್ಣುಮುಚ್ಚಿ ನಂಬುವಂತಿಲ್ಲ. ಪೆಟ್ಟಿಗೆಯ ಮೇಲಿನ ಬ್ರಾಂಡ್ ಒಂದಿದ್ದು, ಒಳಗಿನ ವೈಫೈ ಚಿಪ್ ಮಾಡಿದ ಕಂಪನಿಯ ಹೆಸರು ಪಟ್ಟಿಯಲ್ಲಿ ಕಾಣುವುದು ಮಾಮೂಲು.

ಒಂದು ಸಾಲಿನ ಮುಂದೆ ‘ಅಪರಿಚಿತ’ ಎಂದು ಬಂದಿದೆ. ಅದರ ಮ್ಯಾಕ್ ಶುರುವಾಗುವುದು 7ಎ ಎಂದು. ಎರಡನೆಯ ಅಕ್ಷರವನ್ನು ನೋಡಿ. ಅದು 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಆ ಅಡ್ರೆಸ್ ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದಲ್ಲ, ಯಂತ್ರ ತಾನೇ ಹುಟ್ಟಿಸಿಕೊಂಡದ್ದು. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14ರಿಂದ ಈಚೆಗೆ ಫೋನುಗಳು ಒಂದೊಂದು ವೈಫೈ ಜಾಲಕ್ಕೂ ಒಂದೊಂದು ಸುಳ್ಳು ಮ್ಯಾಕ್ ತೋರಿಸುತ್ತವೆ. ಮಾಲ್, ನಿಲ್ದಾಣ, ಹೋಟೆಲ್ ಎಂದು ಹೋದಲ್ಲೆಲ್ಲ ಅದೇ ಮ್ಯಾಕ್ ಹಿಡಿದು ನಮ್ಮನ್ನು ಹಿಂಬಾಲಿಸಬಾರದೆಂಬ ಕಾರಣಕ್ಕೆ. ಒಳ್ಳೆಯ ಉದ್ದೇಶವೇ. ಲೆಕ್ಕ ಇಡುವ ಮೇಷ್ಟ್ರಿಗೆ ಮಾತ್ರ ತಲೆನೋವು. ನಮ್ಮ ಉದಾಹರಣೆಯಲ್ಲಿ ಅದು ಕೆಳಗಿನ ಜೆರಾಕ್ಸ್ ಅಂಗಡಿಯ ಹುಡುಗನ ಫೋನು ಎಂದಿಟ್ಟುಕೊಳ್ಳಿ. ವೈಫೈ ಪಾಸ್‌ವರ್ಡ್ ಯಾರೋ ಸ್ನೇಹಕ್ಕೆ ಕೊಟ್ಟಿದ್ದಾರೆ. ಪಾಸ್‌ವರ್ಡ್ ಬದಲಿಸಿದ ಮೇಲೆ ಆ ಸಾಲು ಮಾಯವಾಗಿ, ಮೆಟ್ಟಿಲಲ್ಲಿ ಯಾರಾದರೂ ‘ನೆಟ್ ಹೋಯ್ತಾ ಸಾರ್?’ ಎಂದು ಕೇಳಿದರೆ ಪತ್ತೆ ಪೂರ್ತಿಯಾದಂತೆ.

ಇಷ್ಟು ಹೊತ್ತೂ ಎನ್‌ಮ್ಯಾಪ್ ಹೆಸರು ಬರಲಿಲ್ಲವೇಕೆ ಎಂದು ಲಿನಕ್ಸ್ ಬಲ್ಲವರು ಚಡಪಡಿಸುತ್ತಿರಬಹುದು. 1997ರ ಸೆಪ್ಟೆಂಬರ್ 1ರಂದು ಫ್ರ್ಯಾಕ್ ಎಂಬ ಹ್ಯಾಕರ್ ಪತ್ರಿಕೆಯ 51ನೇ ಸಂಚಿಕೆಯಲ್ಲಿ ‘ಫ್ಯೋದೋರ್’ ಎಂಬ ಕಾವ್ಯನಾಮದಲ್ಲಿ ಗಾರ್ಡನ್ ಲಯನ್ ಪ್ರಕಟಿಸಿದ ತಂತ್ರಾಂಶ ಅದು. ‘ಮ್ಯಾಟ್ರಿಕ್ಸ್ ರಿಲೋಡೆಡ್’ ಸಿನಿಮಾದಲ್ಲಿ ಟ್ರಿನಿಟಿ ವಿದ್ಯುತ್ ಜಾಲಕ್ಕೆ ನುಗ್ಗುವಾಗ ಪರದೆಯ ಮೇಲೆ ಓಡುವುದೂ ಇದೇ. ಸಿನಿಮಾದವರು ನಿಜವಾದ ತಂತ್ರಾಂಶವನ್ನು ತೋರಿಸಿದ ಅಪರೂಪದ ಪ್ರಸಂಗ. ‘ಎನ್‌ಮ್ಯಾಪ್, ಅಡ್ಡಗೆರೆ, ಎಸ್‌ಎನ್’ ಎಂದು ಕೊಟ್ಟರೆ ಅದು ಬರೀ ಹಾಜರಿ ತೆಗೆದುಕೊಂಡು ಸುಮ್ಮನಾಗುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ಕಲ್ಲಿದೆ. ಅದೇ ಆದೇಶವನ್ನು ನಮ್ಮ ಕೋಣೆಯಲ್ಲಿ ಸುಡೋ ಇಲ್ಲದೆ ಕೊಟ್ಟರೆ 12 ಯಂತ್ರಗಳು, ಸುಡೋ ಹಾಕಿ ಕೊಟ್ಟರೆ 16. (ಎನ್‌ಮ್ಯಾಪ್ ನಮ್ಮ ಯಂತ್ರವನ್ನೂ ಎಣಿಸಿಕೊಳ್ಳುತ್ತದೆ.) ಆಜ್ಞೆ ಅದೇ, ಕ್ಷಣವೂ ಅದೇ, ನಾಲ್ಕು ಯಂತ್ರ ಎಲ್ಲಿ ಹೋದವು? ಅಧಿಕಾರ ಇದ್ದಾಗ ಎನ್‌ಮ್ಯಾಪ್ ತನ್ನದೇ ಬಡಾವಣೆಯಲ್ಲಿ ಸದ್ದಿಲ್ಲದೆ ಆರ್ಪ್ ಬಳಸುತ್ತದೆ. ಅಧಿಕಾರವಿಲ್ಲದಿದ್ದರೆ ಸಾಮಾನ್ಯ ಬಳಕೆದಾರರಂತೆ 80 ಮತ್ತು 443ನೇ ಪೋರ್ಟುಗಳ ಕದ ತಟ್ಟಿ ನೋಡುತ್ತದೆ. ‘ಈ ಬಾಗಿಲು ಮುಚ್ಚಿದೆ’ ಎಂದು ಯಾರಾದರೂ ಗದರಿದರೂ ಸಾಕು, ಒಳಗೆ ಜನ ಇದ್ದಾರೆ ಎಂದಾಯಿತು. ಸುಮ್ಮನಿದ್ದುಬಿಡುವ ವಿಂಡೋಸ್ ಮತ್ತು ಮಲಗಿದ ಫೋನು ಇಲ್ಲಿ ತಪ್ಪಿಸಿಕೊಳ್ಳುತ್ತವೆ. ‘ರೀಸನ್’ ಎಂಬ ಆಯ್ಕೆ ಸೇರಿಸಿದರೆ ಪ್ರತಿ ಯಂತ್ರವೂ ಯಾವ ಉತ್ತರದಿಂದ ಸಿಕ್ಕಿತು ಎಂದು ಬರೆದು ತೋರಿಸುತ್ತದೆ. ಬಣ್ಣಬಣ್ಣದ ಐಕಾನ್‌ಗಳ ಮೊಬೈಲ್ ಆ್ಯಪ್‌ಗಳಿಗಿಂತ ನನಗೆ ಈ ಒಣಕಲು ಸಾಲುಗಳೇ ಇಷ್ಟ. ಆ್ಯಪ್ ‘ಇದೆ’ ಎಂದು ಹೇಳುತ್ತದೆ, ಹೇಗೆ ಗೊತ್ತಾಯಿತು ಎಂದು ಹೇಳುವುದಿಲ್ಲ.

ಎನ್‌ಮ್ಯಾಪ್ ಹಾಜರಿಗೆ ನಿಲ್ಲದೆ ಯಾವ್ಯಾವ ಬಾಗಿಲು ತೆರೆದಿವೆ ಎಂದೂ ನೋಡಬಲ್ಲದು. ಅಲ್ಲಿಂದ ಮುಂದೆ ಕಾನೂನಿನ ಗಡಿ ಶುರು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರನ್ನಾಗಲಿ ಜಾಲವನ್ನಾಗಲಿ ಪ್ರವೇಶಿಸುವುದು ತಪ್ಪು. ಅಪ್ರಾಮಾಣಿಕತೆ, ವಂಚನೆ ಸೇರಿದರೆ 66ನೇ ಕಲಮಿನಡಿ ಜೈಲೂ ಉಂಟು. ಪಹಣಿ, ಜಾತಿ ಪ್ರಮಾಣಪತ್ರಕ್ಕೆಂದು ನಾಡಕಚೇರಿಗೆ ಹೋದಾಗ ಅಲ್ಲಿನ ಜಾಲದ ಮೇಲೆ ಈ ಅಧ್ಯಾಯದ ಪ್ರಯೋಗ ಮಾಡಬೇಡಿ.

ಕೂಗದೆ, ಬರೀ ಕೇಳಿಸಿಕೊಂಡೂ ಹಾಜರಿ ಹಿಡಿಯಬಹುದು. ಯಂತ್ರಗಳು ತಮ್ಮ ಕೆಲಸಕ್ಕಾಗಿ ದಿನವಿಡೀ ಆರ್ಪ್ ಕೂಗುತ್ತಲೇ ಇರುತ್ತವೆ. ಆರ್ಪ್‌ವಾಚ್ ಎಂಬ ಹಳೆಯ ತಂತ್ರಾಂಶ ಅದನ್ನು ಆಲಿಸುತ್ತ ಕೂತು, ಹೊಸ ಮ್ಯಾಕ್ ಕಂಡರೆ ಅಥವಾ ಒಂದು ಐಪಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದರೆ ಮೇಲ್ ಕಳಿಸುತ್ತದೆ. ಆರ್ಪ್‌ನಲ್ಲಿ ಗುರುತಿನ ಚೀಟಿ ಕೇಳುವ ಪದ್ಧತಿ ಇಲ್ಲ. ‘ರೌಟರ್ ನಾನೇ’ ಎಂದು ಯಾರು ಹೇಳಿದರೂ ಉಳಿದವರು ನಂಬುತ್ತಾರೆ. ಆದ್ದರಿಂದ ಇಂಥ ಕಾವಲು ದಂಡದ್ದಲ್ಲ.

ನಮ್ಮ ಯಂತ್ರವೂ ಕೇಳಿಸಿಕೊಂಡದ್ದನ್ನು ನೆನಪಿಟ್ಟುಕೊಂಡಿರುತ್ತದೆ. ‘ಐಪಿ ನೇಬರ್’ ಎಂದರೆ ಆ ನೆನಪಿನ ಪುಟ ತೆರೆಯುತ್ತದೆ. ಕೆಲವರ ಮುಂದೆ ‘ರೀಚಬಲ್’ ಎಂದಿರುತ್ತದೆ, ಕೆಲವರ ಮುಂದೆ ‘ಸ್ಟೇಲ್’, ಅಂದರೆ ಹಳಸಿದ್ದು. ಲಿನಕ್ಸ್ ಒಬ್ಬರ ಇರವನ್ನು ಖಚಿತವೆಂದು ನಂಬುವುದು ಸರಾಸರಿ 30 ಸೆಕೆಂಡು ಮಾತ್ರ. ಆಮೇಲೆ ‘ಇದ್ದರು, ಈಗ ಗೊತ್ತಿಲ್ಲ’ ಎಂದು ಗುರುತು ಬದಲಿಸುತ್ತದೆ. ಎಷ್ಟೋ ಅಗ್ಗದ ರೌಟರ್‌ಗಳ ‘ಜೋಡಣೆಯಾದ ಸಾಧನಗಳು’ ಪುಟಕ್ಕೆ ಈ ಮರ್ಯಾದೆ ಇಲ್ಲ. ಬೆಳಿಗ್ಗೆ ಎದ್ದುಹೋದವರನ್ನು ಸಂಜೆಯವರೆಗೂ ಇದ್ದಾರೆಂದು ತೋರಿಸುತ್ತಿರುತ್ತದೆ.

ಇಂಥ ಪಾಠಕ್ಕೆ ದುಬಾರಿ ಲ್ಯಾಬ್ ಬೇಕಿಲ್ಲ ಎಂಬುದಕ್ಕೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೇ ಸಾಕ್ಷಿ. ಕೇರಳ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟುವಿನ ಮೇಲೆ ತಾನೇ ಕಟ್ಟಿದ ಲಿನಕ್ಸ್ ಅನ್ನು ಅದು ರಾಜ್ಯದ ಶಾಲೆಗಳಿಗೆ ಕೊಡುತ್ತದೆ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತದೆ. ಹತ್ತನೇ ತರಗತಿಯ ಪುಸ್ತಕದಲ್ಲಿ ನೆಟ್‌ವರ್ಕಿಂಗ್‌ಗೆಂದೇ ಒಂದು ಅಧ್ಯಾಯವಿತ್ತು. ಇತ್ತ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನಲ್ಲಿ ಜನಸ್ತು ಸಂಸ್ಥೆಯವರು ಊರವರದೇ ಆದ ವೈಫೈ ಮೆಶ್ ಜಾಲ ಹಬ್ಬಿಸಿದ್ದಾರೆ, ಅದಕ್ಕೆ ‘ಕೌಮೆಶ್’ ಎಂದು ಹೆಸರು. ಇಂಟರ್ನೆಟ್ ಇಲ್ಲದಿದ್ದರೂ ಊರೊಳಗಿನ ಸರ್ವರಿನಿಂದ ಹಾಡು, ಕಥೆ, ಪಾಠ ಕೇಳಬಹುದು. ಅಲ್ಲಿ ‘ಯಾರಿದ್ದಾರೆ’ ಎಂಬ ಪ್ರಶ್ನೆಯ ತೂಕವೇ ಬೇರೆ. ಮೆಶ್‌ನಲ್ಲಿ ಒಂದು ಪೆಟ್ಟಿಗೆ ಸತ್ತರೆ ಅದರಾಚೆಯ ಮನೆಗಳಿಗೆ ಬೇರೆ ದಾರಿ ಹುಡುಕಬೇಕು, ಹಾಗಾಗಿ ಪೆಟ್ಟಿಗೆಗಳು ಒಂದನ್ನೊಂದು ಸದಾ ವಿಚಾರಿಸಿಕೊಳ್ಳುತ್ತಿರುತ್ತವೆ.

ಕರೆಂಟಿನ ವಿಷಯ ಬಾರದೆ ಹಳ್ಳಿಯ ಕಂಪ್ಯೂಟರ್ ಕಥೆ ಮುಗಿಯದು. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ ಹಲಗೂರು ಸೇರಿರುವ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ. ಆದರೂ ಹಲಗೂರಿನಲ್ಲಿ ಕರೆಂಟು ಹೋಗುವುದಿಲ್ಲ ಎಂದೇನಿಲ್ಲ. ಹೋಗಿ ಬಂದಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಎದ್ದು ರೌಟರ್ ಮುಂದೆ ಅಡ್ರೆಸ್ಸಿಗೆ ಕೈಯೊಡ್ಡುತ್ತವೆ. ಯಾರಿಗೆ ಯಾವುದು ಕೊಟ್ಟಿದ್ದೆ ಎಂಬ ಲೆಕ್ಕವನ್ನು ಅಗ್ಗದ ರೌಟರ್ ಮೆಮೊರಿಯಲ್ಲಷ್ಟೇ ಇಟ್ಟುಕೊಂಡಿದ್ದರೆ ಅದೂ ಮರೆತುಹೋಗಿರುತ್ತದೆ. ನಿನ್ನೆ 50 ಆಗಿದ್ದ ಪ್ರಿಂಟರ್ ಇಂದು 7 ಆಗುತ್ತದೆ. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಐಪಿ ಬರೆದಿಟ್ಟುಕೊಂಡರೆ ಪ್ರಯೋಜನವಿಲ್ಲ. ಮ್ಯಾಕ್ ಬರೆದು, ಎದುರಿಗೆ ‘ಕಿಟಕಿ ಪಕ್ಕದ್ದು’, ‘ಮೂಲೆಯದು’ ಎಂದು ಗುರುತು ಹಾಕಬೇಕು. ಒಂದೇ ಹಾರ್ಡ್‌ಡಿಸ್ಕ್‌ನಿಂದ ನಕಲು ಮಾಡಿದ ಎರಡು ಯಂತ್ರಗಳಲ್ಲಿ ಒಂದೇ ಐಪಿಯನ್ನು ಕೈಯಾರೆ ಬರೆದಿಟ್ಟಿದ್ದರೆ ಅದೂ ಆರ್ಪ್‌ಸ್ಕ್ಯಾನ್‌ನಲ್ಲೇ ಸಿಕ್ಕಿಬೀಳುತ್ತದೆ. ಒಂದು ಕೂಗಿಗೆ ಎರಡು ಓಗೊಟ್ಟು, ಸಾಲಿನ ಕೊನೆಯಲ್ಲಿ ‘ಡಪ್’ ಎಂಬ ಟಿಪ್ಪಣಿ ಬೀಳುತ್ತದೆ. ‘ನೆಟ್ ಒಂದು ಗಳಿಗೆ ಇರುತ್ತೆ, ಒಂದು ಗಳಿಗೆ ಇರಲ್ಲ’ ಎಂಬ ದೂರಿನ ಹಿಂದೆ ಅಡಗಿರುವುದು ಎಷ್ಟೋ ಸಲ ಇಂಗ್ಲಿಷಿನ ಈ ಮೂರಕ್ಷರ.

ಮೇಲಿನದೆಲ್ಲ 254 ಮನೆಗಳ ಬಡಾವಣೆಯ ಮಾತು. ಐಪಿ ಆವೃತ್ತಿ 6ರಲ್ಲಿ ಒಂದು ಸಾಮಾನ್ಯ ಬಡಾವಣೆಯ ಮನೆಗಳ ಸಂಖ್ಯೆ 2ರ 64ನೇ ಘಾತ, ಅಂದರೆ 18ರ ಮುಂದೆ 18 ಸೊನ್ನೆಗಳಿಗೂ ಹೆಚ್ಚು. ಸೆಕೆಂಡಿಗೆ ಹತ್ತು ಲಕ್ಷ ಬಾಗಿಲು ಬಡಿದರೂ ಮುಗಿಯಲು ಐದು ಲಕ್ಷ ವರ್ಷ ದಾಟುತ್ತದೆ. ಅಲ್ಲಿ ಆರ್ಪ್ ಕೂಡ ಇಲ್ಲ, ಅದರ ಜಾಗದಲ್ಲಿ ನೆರೆಹೊರೆ ಪತ್ತೆ ಎಂಬ ಬೇರೆ ವ್ಯವಸ್ಥೆ ಬಂದಿದೆ. ಆದರೆ ಎಲ್ಲರಿಗೂ ಒಂದೇ ಕೂಗು ಹಾಕುವ ಹಳೆಯ ಉಪಾಯ ಅಲ್ಲಿ ಮತ್ತೆ ಜೀವ ಪಡೆದಿದೆ. ಎಫ್‌ಎಫ್02::1 ಎಂಬ ಅಡ್ರೆಸ್ಸಿಗೆ ಕಳಿಸಿದ್ದು ಆ ತಂತಿಯ ಪ್ರತಿಯೊಂದು ಯಂತ್ರಕ್ಕೂ ಮುಟ್ಟುತ್ತದೆ. ಅದಕ್ಕೆ ಪಿಂಗ್ ಹೊಡೆದರೆ ನಮ್ಮ ಲಿನಕ್ಸ್ ಯಂತ್ರಗಳು ಸಾಲಾಗಿ ಉತ್ತರಿಸುತ್ತವೆ. ಕನ್ನಡ ಟೈಪಿಂಗ್ ನಡೆದಿರುವ ವಿಂಡೋಸ್ ಇಲ್ಲೂ ಸುಮ್ಮನಿರುತ್ತದೆ.